ಹೊಸ ಔಟ್‌ಬೋರ್ಡ್ ಎಂಜಿನ್‌ಗಳನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಮ್ಮ ನಾಡದೋಣಿಯ ಹಿಂಬದಿಗೆ ಸಿಕ್ಕಿಸಿದ ಸೀಮೆಎಣ್ಣೆ ಔಟ್‌ಬೋರ್ಡ್ ಎಂಜಿನ್ ಮಳೆಗಾಲದಲ್ಲಿ ಹಗ್ಗ ಎಳೆದೆಳೆದು ತೋಳು ಸೋತರೂ ಸ್ಟಾರ್ಟ್ ಆಗುವುದಿಲ್ಲ. ಪೆಟ್ರೋಲಿನ ಫೋರ್-ಸ್ಟ್ರೋಕ್ ಎಂಜಿನ್ ನಿಜಕ್ಕೂ ಹೆಚ್ಚು ಭರವಸೆಯದೇ, ಇಲ್ಲವೇ ಅದು ಬರೀ ಅಂಗಡಿಯವರ ಮಾತೇ?

ಉತ್ತರ 1: ಭರವಸೆಯದೇ. ಹಳೆಯ ಟು-ಸ್ಟ್ರೋಕ್ ಎಂಜಿನ್‌ಗಳು ಕೈಕೊಡುತ್ತಿದ್ದುದು ಹೆಚ್ಚಾಗಿ ಕಾರ್ಬ್ಯುರೇಟರಿನ ಜೆಟ್ (ಇಂಧನ ಹಾಯುವ ಸಣ್ಣ ತೂತು) ಕಟ್ಟಿಕೊಂಡಾಗ ಅಥವಾ ಇಂಧನದೊಡನೆ ಬೆರೆಸಿದ ಆಯಿಲ್ ಉರಿದು ಪ್ಲಗ್‌ಗೆ ಮಸಿ ಹಿಡಿದಾಗ. ಈಗಿನ ಹೆಚ್ಚಿನ ಫೋರ್-ಸ್ಟ್ರೋಕ್‌ಗಳಲ್ಲಿ ಸೆನ್ಸರುಗಳ ಲೆಕ್ಕದಂತೆ ಇಂಜೆಕ್ಟರ್ ಇಂಧನ ಸಿಂಪಡಿಸುವುದರಿಂದಲೂ ಆಯಿಲ್ ಬೇರೆಯಾಗಿಯೇ ಇರುವುದರಿಂದಲೂ ಆ ಎರಡೂ ಕಾಟಗಳು ಬಹುಮಟ್ಟಿಗೆ ತಪ್ಪಿವೆ. ಹೋಂಡಾ 1964ರಲ್ಲೇ ಫೋರ್-ಸ್ಟ್ರೋಕ್ ಔಟ್‌ಬೋರ್ಡ್ ತಂದಿದ್ದರೂ, 1996ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೊಗೆಯ ನಿಯಮ ಹೊರಡಿಸಿದ ಮೇಲೆಯೇ ಉಳಿದ ತಯಾರಕರೂ ಅತ್ತ ವೇಗವಾಗಿ ಹೊರಳಿದರು. ಹೊಗೆ ತಗ್ಗಿಸಲು ಹೊರಟವರು ಎಂಜಿನ್ನಿನ ಬಾಳಿಕೆಯನ್ನೂ ಹೆಚ್ಚಿಸಿಬಿಟ್ಟರು!

ಉತ್ತರ 2: ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ತಂಪುನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಇಂದಿಗೂ ಸವೆಯುತ್ತದೆ, ದಡ ಸೇರಿದ ಮೇಲೆ ಸಿಹಿನೀರು ಹಾಯಿಸದಿದ್ದರೆ ಒಳಗೆ ಉಪ್ಪು ಕಟ್ಟುತ್ತದೆ, ಎಥೆನಾಲ್ ಬೆರೆತ ಪೆಟ್ರೋಲ್ ತೇವ ಹೀರುವುದರಿಂದ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಲೇಬೇಕು. ಹಳೆಯದನ್ನು ಕಡಲ ನಡುವೆಯೇ ಪ್ಲಗ್ ಬಿಚ್ಚಿ ಒರೆಸಿ ಓಡಿಸಬಹುದಿತ್ತು. ಹೊಸದರ ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಕೆಟ್ಟರೆ ಲ್ಯಾಪ್‌ಟಾಪ್ ಹಿಡಿದ ಮೆಕ್ಯಾನಿಕ್ಕೇ ಬೇಕು.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಹತ್ತಿರದಲ್ಲಿ ಸರ್ವಿಸ್ ಸಿಗುವ ಕಂಪನಿಯನ್ನೇ ಮೊದಲು ವಿಚಾರಿಸುತ್ತೇನೆ.