ಸಹಾಯ ಬೇಕು: ಮೈನಸ್ 30 ಡಿಗ್ರಿ ತಡೆಯುವ ಡೇಲಿಲಿ ಯಾವುದು?

ಚಳಿಗಾಲ ಮೈನಸ್ 30 ಡಿಗ್ರಿಗೆ ಇಳಿಯುವ ತೋಟಕ್ಕೆ ಡೇಲಿಲಿ ಹೂಗಿಡದ ತಳಿ ಬೇಕು. ಎಲೆ ಪೂರ್ತಿ ಒಣಗಿ ನೆಲದಡಿ ಮಲಗುವಂಥದ್ದೇ ಆಗಬೇಕು. ನಿತ್ಯಹಸಿರು ತಳಿಗಳಲ್ಲಿ ಅನೇಕವು ಹಿಮ ಕರಗುವ ಹೊತ್ತಿಗೆ ಬುಡ ಕೊಳೆತು ಮೆತ್ತಗಾಗಿರುತ್ತವೆ. ‘ಸ್ಟೆಲ್ಲಾ ಡಿ ಓರೊ’ ಗಟ್ಟಿ ಗಿಡ, ಸರಿ, ಆದರೆ ಒಂದಡಿ ಎತ್ತರದ ಆ ಹಳದಿ ಎಲ್ಲೆಲ್ಲೂ ಇದೆ. ಎತ್ತರಕ್ಕೂ ಪರಿಮಳಕ್ಕೂ ‘ಹೈಪೀರಿಯನ್’ ಆಯಿತು. ಕೆಂಪಿನಲ್ಲಿ ‘ಚಿಕಾಗೊ ಅಪಾಚೆ’ ಬಿಟ್ಟರೆ ಇನ್ನೇನಿದೆ? ರಾತ್ರಿ ತಂಪಾದರೆ ಬೆಳಿಗ್ಗೆ ಎಸಳು ಅರ್ಧಕ್ಕೇ ಅಂಟಿಕೊಂಡು ನಿಲ್ಲುವ ತಳಿ ಬೇಡ.

ನೆಡುವುದು ಮಣ್ಣು ಹೆಪ್ಪುಗಟ್ಟಲು ಆರು ವಾರ ಮುಂಚೆ, ಬುಡ 2.5 ಸೆಂ.ಮೀ. ಆಳದಲ್ಲಿ. ತಡವಾದರೆ ಬೇರು ಹಿಡಿದಿರುವುದಿಲ್ಲ, ಮಣ್ಣು ಹೆಪ್ಪುಗಟ್ಟಿ ಕರಗುತ್ತಾ ಗಿಡವನ್ನೇ ಮೇಲಕ್ಕೆತ್ತಿಬಿಡುತ್ತದೆ. ಮಣ್ಣು ಗಟ್ಟಿಯಾದ ಮೇಲೆ ಹಾಕುವ ಹೊದಿಕೆಗೆ ಒಣಹುಲ್ಲು ಒಳ್ಳೆಯದೋ, ಪೈನ್ ಎಲೆಯೋ? ಬೆಳೆಸಿ ನೋಡಿದವರು ತಳಿಯ ಹೆಸರು, ಹೂಬಿಡುವ ತಿಂಗಳು ಎರಡನ್ನೂ ಬರೆಯಿರಿ.