ತಾತನ ಬೂದು ಫರ್ಗ್ಯುಸನ್ ಟ್ರ್ಯಾಕ್ಟರ್: ಅಪರೂಪದ್ದಾ, ಗುಜರಿಯಾ? ಅನುಭವ ಇದ್ದವರು ಹೇಳಿ

ಅರಸೀಕೆರೆ ತೆಂಗು
ಕೊಟ್ಟಿಗೆಯಲ್ಲಿ ತಾತನ ಕಾಲದ ಫರ್ಗ್ಯುಸನ್ ನಿಂತಿದೆ. ಮೇಲೆ ಇಪ್ಪತ್ತು ವರ್ಷದ ತೆಂಗಿನ ಸಿಪ್ಪೆ. ಡ್ಯಾಶ್ ಮೇಲಿನ ಪ್ಲೇಟ್ ಉಜ್ಜಿದಾಗ ಟಿಇಡಿ 20 ಅಂತ ಕಾಣಿಸಿತು. ಇಂಜಿನ್ ಜಾಮ್. ಆರ್‌ಸಿ ಇದೆ, ಅರ್ಧ ಗೆದ್ದಲು ತಿಂದಿದೆ. ಗುಜರಿಯವನು ಕೆಜಿಗೆ 28 ರೂಪಾಯಿ ಹೇಳಿದ. ಕೊಯಮತ್ತೂರಿನಿಂದ ಬಂದ ಒಬ್ಬರು 1,10,000 ಹೇಳಿ ಹೋಗಿದ್ದಾರೆ, ಭಾನುವಾರದೊಳಗೆ ಉತ್ತರ ಬೇಕಂತೆ. ಕೊಡಲಾ, ಬೇಡವಾ?

ಗಂಗಾವತಿ 35
ಅಪರೂಪ ಅನ್ನುವ ಮಾತು ಕೇಳಿದರೇ ಮೈ ಉರಿಯುತ್ತದೆ. 2019ರಲ್ಲಿ ನಾನು ಮ್ಯಾಸಿ 35 ತೆಗೆದುಕೊಂಡೆ. "ಇಡೀ ಜಿಲ್ಲೆಗೆ ಇದೊಂದೇ ಸಾರ್" ಅಂದ ಮಾರಿದವನು. ನಿಜ, ಒಂದೇ. ಯಾಕೆ ಒಂದೇ ಅನ್ನುವುದು ಆಮೇಲೆ ಗೊತ್ತಾಯಿತು. ಮೂರು ಸಿಲಿಂಡರಿನ ಪರ್ಕಿನ್ಸ್ ಇಂಜಿನ್ ಅಲ್ಲ ಅದು, ಅದಕ್ಕೂ ಮುಂಚಿನ, ಸ್ಟಾಂಡರ್ಡ್ ಅನ್ನುವ ಕಂಪನಿಯ ನಾಲ್ಕು ಸಿಲಿಂಡರಿನ ಡೀಸೆಲ್. ಚಳಿಗಾಲದ ಬೆಳಿಗ್ಗೆ ಎದ್ದೇಳುವುದೇ ಇಲ್ಲ. ನಮ್ಮೂರ ಚಳಿ ಎಷ್ಟು ಅಂತ ಗೊತ್ತಲ್ವಾ, ಅದಕ್ಕೇ ಹೀಗೆ.

ಪರ್ಕಿನ್ಸ್ ಆಗಿದ್ದರೆ ಟಾಫೆ 1035 ಟ್ರ್ಯಾಕ್ಟರಿನ ಎಷ್ಟೋ ಸಾಮಾನು ಹೊಂದುತ್ತಿತ್ತು, ಊರಲ್ಲೇ ಸಿಗುತ್ತಿತ್ತು. ಇದಕ್ಕೆ ಇಂಗ್ಲೆಂಡಿನಿಂದ ತರಿಸಬೇಕಾಯಿತು. ಲೆಕ್ಕ ಡೈರಿಯಲ್ಲಿದೆ. ಗಾಡಿ 1,65,000. ಲೈನರ್, ಪಿಸ್ಟನ್ 62,300. ಕಸ್ಟಮ್ಸ್ 17,850. ಡೀಸೆಲ್ ಪಂಪು ಬಿಚ್ಚಿಸಿದ್ದು 11,200. ಅದೇ ಪಂಪು ಇನ್ನೊಂದು ಕಡೆ ಮತ್ತೆ ಬಿಚ್ಚಿಸಿದ್ದು 14,500, ಯಾಕೆಂದರೆ ಮೊದಲನೆಯವನು ಒಂದು ಸ್ಪ್ರಿಂಗನ್ನು ತನ್ನ ಬೆಂಚಿನ ಮೇಲೇ ಮರೆತಿದ್ದ. ಹೆಡ್ ಪ್ಲೇನಿಂಗ್ 2,400. ಟೈರು 31,000. ಪೇಂಟ್ 38,000, ಮೆಟಾಲಿಕ್ ಕೆಂಪು, ಮೇಲೆ ಕ್ಲಿಯರ್ ಕೋಟ್. ಲಾರಿ ಬಾಡಿಗೆ ಬಿಟ್ಟು ಒಟ್ಟು 3,42,250. ಈವರೆಗೆ ಬಂದ ದೊಡ್ಡ ಆಫರ್ 1,80,000. ನೀವೇ ತೀರ್ಮಾನ ಮಾಡಿ.

2511ರ ಮಗ
ಪರದೇಶದ ಗಾಡಿ ಕಟ್ಟಿಕೊಂಡರೆ ಇದೇ ಗತಿ. ನಮ್ಮಪ್ಪ 1974ರಲ್ಲಿ ಸಾಲ ಮಾಡಿ ಹೆಚ್‌ಎಂಟಿ 2511 ತಂದರು. ಎರಡು ಸಿಲಿಂಡರ್, 25 ಎಚ್‌ಪಿ. ಇವತ್ತಿಗೂ ನಮ್ಮ ಎರಡು ಎಕರೆಗೆ ಅದೇ. ಹೋದ ವರ್ಷ 1,90,000 ಕೇಳಿದರು, ಕೊಡಲಿಲ್ಲ. 2016ರಲ್ಲಿ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಸರ್ಕಾರವೇ ತೀರ್ಮಾನಿಸಿತು, ಇನ್ನು ಹೊಸದು ಬರುವುದಿಲ್ಲ. ಬೆಲೆ ಏರಲೇಬೇಕು. ಹೆಚ್‌ಎಂಟಿ ಅಂದರೆ ನಮ್ಮ ಬೆಂಗಳೂರಿನ ಹೆಮ್ಮೆ.

ತುಕ್ಕೇ ಚಂದ
ಬೆಂಗಳೂರಿನದು ಗಡಿಯಾರ ಸ್ವಾಮಿ. ಟ್ರ್ಯಾಕ್ಟರ್ ಹರಿಯಾಣದ ಪಿಂಜೋರ್‌ನದು, ಅದೂ ಚೆಕ್ ದೇಶದ ಜೆಟರ್ ಕಂಪನಿ ಜೊತೆಗಿನ ಒಪ್ಪಂದದ್ದು. ಪರದೇಶದ ಗಾಡಿ ಅಂತ ಬೇರೆಯವರನ್ನು ಆಡಿಕೊಳ್ಳುವ ಮುಂಚೆ ನೋಡಿಕೊಳ್ಳಿ.

ಪ್ರಶ್ನೆಗೆ ಬರೋಣ. ಫರ್ಗ್ಯುಸನ್ ಟಿಇ 20ಗಳನ್ನು 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 5 ಲಕ್ಷಕ್ಕೂ ಜಾಸ್ತಿ ಮಾಡಿದರು. ಅಪರೂಪ ಎಲ್ಲಿಂದ ಬಂತು? ಮೂರನೇ ಅಕ್ಷರ ನೋಡಬೇಕು. ಎ ಅಂದರೆ ಪೆಟ್ರೋಲ್, ಎಫ್ ಅಂದರೆ ಡೀಸೆಲ್, ಡಿ ಅಂದರೆ ಪೆಟ್ರೋಲಿನಲ್ಲಿ ಶುರು ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆ ಜಾತಿಯ ಎಣ್ಣೆಗೆ ತಿರುಗಿಸುವುದು. ಮೂರನೇ ಅಕ್ಷರವೇ ಇಲ್ಲದೆ ಬರೀ ಟಿಇ ಇದ್ದರೆ ಕಾಂಟಿನೆಂಟಲ್ ಕಂಪನಿಯ ಇಂಜಿನ್, ಮೊದಮೊದಲ ವರ್ಷಗಳದ್ದು. ಜನ ಹುಡುಕುವುದು ಅದನ್ನು. ನನ್ನ ಹತ್ತಿರ ಅದಿದೆ. ಒಂದು ಹನಿ ಪೇಂಟ್ ಹೊಡೆಸಿಲ್ಲ. ಬಾನೆಟ್ ಮೇಲೆ ನಮ್ಮ ಮಾವ ಕೈ ಊರುತ್ತಿದ್ದ ಜಾಗ ಸವೆದು ಬೆಳ್ಳಗೆ ಹೊಳೆಯುತ್ತದೆ, ನೋಡಲು ಬಂದವರು ಮೊದಲು ಮುಟ್ಟುವುದು ಅದನ್ನೇ. ಮೆಟಾಲಿಕ್ ಕೆಂಪು ಹೊಡೆಸಿದವರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಗಂಗಾವತಿ 35
ಹೇಳಿಬಿಡಿ, ಹೊಟ್ಟೆಯಲ್ಲಿ ಯಾಕೆ ಇಟ್ಟುಕೊಳ್ಳುತ್ತೀರಿ? ನನ್ನದು ಸ್ಟಾರ್ಟ್ ಆಗುತ್ತದೆ. ನಿಮ್ಮದು ಆಗುತ್ತದಾ?

ತುಕ್ಕೇ ಚಂದ
ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಕೇಳಿದಿರಿ ಅಂತ ಹೇಳುತ್ತೇನೆ. ಶುರುವಿನ 35ಗಳು ಕೆಂಪಲ್ಲ. ಮೈ ಬೂದು, ಇಂಜಿನ್ ಮತ್ತು ಗೇರ್‌ಬಾಕ್ಸ್ ತಾಮ್ರದ ಬಣ್ಣ. ಕೆಂಪು ಬಂದದ್ದು ಆಮೇಲೆ. ಸ್ಟಾಂಡರ್ಡ್ ಇಂಜಿನ್ ಅಂತ ನೀವೇ ಬರೆದಿದ್ದೀರಿ. 38,000 ಕೊಡುವ ಮುಂಚೆ ಹಳೇ ಬಣ್ಣ ಕೆರೆದು ನೋಡಿದ್ದಿರಾ?

ಮಂಡ್ಯ ಬಿ 275
ಬಣ್ಣ ಬಿಡಿ. ಕಾಗದ ಇಲ್ಲದಿದ್ದರೆ ಎಲ್ಲವೂ ಕಬ್ಬಿಣವೇ. ನಮ್ಮದು ಇಂಟರ್‌ನ್ಯಾಷನಲ್ ಬಿ 275, ನಂಬರ್ ಹಳೇ ಮೈಸೂರು ರಾಜ್ಯದ ಎಂವೈ ಅಂತ ಶುರುವಾಗುತ್ತದೆ. ಆರ್‌ಸಿ ತಾತನ ಹೆಸರಲ್ಲಿ. ತಾತ ಹೋದ ಮೇಲೆ ಯಾರೂ ರಿನ್ಯೂ ಮಾಡಿಸಲಿಲ್ಲ. ನನ್ನ ಹೆಸರಿಗೆ ಮಾಡಿಸೋಣ ಅಂತ ಹೊರಟರೆ ಒಂಬತ್ತು ಜನ ವಾರಸುದಾರರ ಸಹಿ ಬೇಕು. ಎಂಟು ಸಿಕ್ಕಿತು. ಒಂಬತ್ತನೆಯವರು ಸೋದರತ್ತೆ. ಬಾವಿ ಪಕ್ಕದ ಆರು ಗುಂಟೆ ಬಿಟ್ಟುಕೊಟ್ಟರೆ ಸಹಿ ಅಂದರು. ಕಚೇರಿಗೆ ಹನ್ನೊಂದು ಸಲ ಹೋದೆ. ಪೇಪರ್ ಇಟ್ಟು ಪೆನ್ಸಿಲ್‌ನಲ್ಲಿ ಚಾಸಿ ನಂಬರ್ ಉಜ್ಜಿ ಕೊಟ್ಟೆ, ಸರಿ ಇತ್ತು. ಇಂಜಿನ್ ನಂಬರ್ ಕೂಡಲಿಲ್ಲ. 1988ರಲ್ಲಿ ಅಪ್ಪ ಬೇರೆ ಇಂಜಿನ್ ಕೂರಿಸಿದ್ದರು, ಯಾರಿಗೂ ಹೇಳಿರಲಿಲ್ಲ. ಮೂರು ವರ್ಷ ಆಯಿತು, ಗಾಡಿ ಹಾಗೇ ನಿಂತಿದೆ. ಸೋದರತ್ತೆಯೂ ಹಾಗೇ.

2511ರ ಮಗ
ಅದಕ್ಕೆಲ್ಲ ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಿ ಸುಮ್ನೆ ಇರಬಹುದಲ್ವಾ? 2021ರ ನಿಯಮ. 50 ವರ್ಷ ದಾಟಿರಬೇಕು, 20,000 ಫೀ, ವಿಎ ಅಂತ ನಂಬರ್ ಬರುತ್ತದೆ.

ಮಂಡ್ಯ ಬಿ 275
ಪೂರ್ತಿ ಓದಿದ್ದೀರಾ? ಮೂಲ ರೂಪದಲ್ಲೇ ಇರಬೇಕು ಅಂತಿದೆ. ನನ್ನದರಲ್ಲಿ ಇಂಜಿನ್ನೇ ಬೇರೆ. ಆ ನಿಯಮ ಇರುವುದೂ ಸ್ವಂತ ಬಳಕೆಯ ದ್ವಿಚಕ್ರ, ನಾಲ್ಕು ಚಕ್ರದ ವಾಹನಕ್ಕೆ. ನಮ್ಮ ಕಡೆಯ ಕಚೇರಿಯಲ್ಲಿ ಟ್ರ್ಯಾಕ್ಟರ್ ಅಂದ ಕೂಡಲೇ ಅರ್ಜಿ ವಾಪಸ್ ಕೊಟ್ಟರು.

2511ರ ಮಗ
ಟ್ರ್ಯಾಕ್ಟರ್‌ಗೆ ನಾಲ್ಕು ಚಕ್ರ ಇಲ್ವಾ?

ಮಂಡ್ಯ ಬಿ 275
ಅದನ್ನು ಕೌಂಟರ್‌ನಲ್ಲಿ ಕೂತವರಿಗೆ ನೀವೇ ಬಂದು ಹೇಳಿ. ಬಸ್ ಚಾರ್ಜ್ ನಾನು ಕೊಡುತ್ತೇನೆ. ವಿಎ ನಂಬರ್ ಸಿಕ್ಕರೂ ದಿನಾ ರೋಡಿಗೆ ಇಳಿಸುವ ಹಾಗಿಲ್ಲ. ನಿಮ್ಮ ಎರಡು ಎಕರೆಗೆ ದಾರಿ ಆಕಾಶದಲ್ಲಿದೆಯಾ?

ಅರಸೀಕೆರೆ ತೆಂಗು
ಸ್ವಲ್ಪ ನನ್ನ ಕಡೆ ನೋಡಿ. ಅಣ್ಣನ ಮಗ ಇನ್ನೊಂದು ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆದು ಸ್ಟಾರ್ಟ್ ಮಾಡೋಣ ಅನ್ನುತ್ತಿದ್ದಾನೆ. ಮಾಡಬಹುದಾ?

ತುಕ್ಕೇ ಚಂದ
ಹಗ್ಗ ಬಚ್ಚಿಡಿ. ಜಾಮ್ ಆದದ್ದನ್ನು ಎಳೆದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರಿಗೆ ಡೀಸೆಲ್, ಗೇರ್ ಆಯಿಲ್ ಬೆರೆಸಿ ಹಾಕಿ. ಹದಿನೈದು ದಿನ ಬಿಡಿ. ದಿನಕ್ಕೊಮ್ಮೆ ಇಂಜಿನ್ನನ್ನು ಕೈಯಲ್ಲಿ ಹಿಂದೆ ಮುಂದೆ ಅಲ್ಲಾಡಿಸಿ ನೋಡಿ. ಬಿಟ್ಟುಕೊಂಡರೆ ಕೊಯಮತ್ತೂರಿನವರ ಲೆಕ್ಕವೇ ಬೇರೆ ಆಗುತ್ತದೆ. ಭಾನುವಾರದ ಗಡುವು ಹಾಕುವವರಿಗೆ ಸರಕು ಬೇಕೇ ಬೇಕು ಅಂತ ಅರ್ಥ.

ಸಕ್ಕರೆಪಟ್ಣದ ಸೊಸೆ
ನಮ್ಮನೆಯಲ್ಲೂ ಇದೇ ಬೂದು ಗಾಡಿ ಇತ್ತು. ಇದಕ್ಕೆ ಸ್ಟಾರ್ಟರ್ ಬಟನ್ ಬೇರೆ ಇಲ್ಲ, ಗೇರ್ ಕಡ್ಡಿಯನ್ನೇ ಎಸ್ ಗುರುತಿನ ಕಡೆಗೆ ತಳ್ಳಿದರೆ ಇಂಜಿನ್ ತಿರುಗುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಮಾವ ನನ್ನ ಕೈ ಹಿಡಿಸಿ ತೋರಿಸಿದ್ದರು. 2011ರಲ್ಲಿ ಗುಜರಿಗೆ ಕೊಟ್ಟೆವು. 1,060 ಕೆಜಿ ತೂಗಿತು, ಕೆಜಿಗೆ 22, 23,320 ರೂಪಾಯಿ ಬಂತು. ಆ ದುಡ್ಡಲ್ಲಿ ವಾಷಿಂಗ್ ಮೆಷಿನ್ ತಂದೆವು. ಅದೂ ಈಗ ಗುಜರಿಗೆ ಹೋಗಿದೆ.

ಉಳಿದದ್ದು ಒಂದು ಸ್ಪ್ಯಾನರ್. ಫರ್ಗ್ಯುಸನ್ ಅಂತ ಅಚ್ಚು, ಒಂದು ಬದಿಯಲ್ಲಿ ಇಂಚಿನ ಗೆರೆ. ನೇಗಿಲು ಕೂರಿಸುವಾಗ ಅದರಲ್ಲೇ ಅಳೆಯುತ್ತಿದ್ದರು. ನಾನು ಅಡುಗೆಮನೆ ಬಾಗಿಲಿಗೆ ಒರಗಿಸಿ ಇಟ್ಟಿದ್ದೆ. ಬಂದ ಒಬ್ಬರು ನೋಡಿ 4,000 ಕೊಡುತ್ತೇನೆ ಅಂದರು. ಸ್ಪ್ಯಾನರ್‌ಗೆ! ಅವತ್ತು ರಾತ್ರಿ ನಮ್ಮ ಯಜಮಾನರು ಊಟ ಮಾಡಲಿಲ್ಲ. ಅರಸೀಕೆರೆಯವರೇ, ಗಾಡಿ ಏನಾದರೂ ಮಾಡಿ, ಸಿಪ್ಪೆ ರಾಶಿ ಒಳಗೆ ಆ ಸ್ಪ್ಯಾನರ್ ಮೊದಲು ಹುಡುಕಿ.

2511ರ ಮಗ
ಸ್ಪ್ಯಾನರ್‌ಗೆ 4,000 ಅಂದರೆ ಯಾರು ನಂಬುತ್ತಾರೆ?

ಸಕ್ಕರೆಪಟ್ಣದ ಸೊಸೆ
ನೀವು ನಂಬಬೇಡಿ. ನಿಮಗೆ ಮಾರುವುದಿಲ್ಲ.

ಅರಸೀಕೆರೆ ತೆಂಗು
ಸ್ಪ್ಯಾನರ್ ಸಿಗಲಿಲ್ಲ, ಹಾವಿನ ಪೊರೆ ಸಿಕ್ಕಿತು. ಪ್ಲಗ್ ಮೂರು ಬಿಚ್ಚಿದೆ, ನಾಲ್ಕನೆಯದು ಬರುತ್ತಿಲ್ಲ. ಕೊಯಮತ್ತೂರಿನವರಿಗೆ ಫೋನ್ ಮಾಡಿ ಈ ಭಾನುವಾರ ಆಗುವುದಿಲ್ಲ ಅಂದೆ. 1,25,000 ಅಂದರು.

ಗಂಗಾವತಿ 35
ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಫುಟ್‌ರೆಸ್ಟ್ ಬಿಚ್ಚಿ, ಅದರ ಹಿಂದೆ ಗೇರ್‌ಬಾಕ್ಸ್ ಮೇಲೆ ಬ್ಲೇಡಿನಲ್ಲಿ ಕೆರೆದೆ. ಕೆಂಪು ಹೋಯಿತು. ಅದರ ಕೆಳಗೆ ಯಾರೋ ಹೊಡೆದ ನೀಲಿ. ಅದರ ಕೆಳಗೆ ತಾಮ್ರದ ಬಣ್ಣ.

ಯಾರೂ ಏನೂ ಬರೆಯಬೇಡಿ.