ನಮ್ಮ ಟೌನ್‌ಶಿಪ್‌ನ ‘ಅಫೋರ್ಡಬಲ್’ ಮನೆ ಯಾರಿಗೆ? ಪ್ಲ್ಯಾನರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯ ಮಿಡಲ್‌ಸೆಕ್ಸ್ ಕೌಂಟಿಯಲ್ಲಿ. ಇಬ್ಬರೂ ಐಟಿ, ಇಬ್ಬರ ಸಂಬಳ ಸೇರಿ ವರ್ಷಕ್ಕೆ 2,60,000 ಡಾಲರ್. ಒಳ್ಳೆ ಸ್ಕೂಲ್ ಇದೆ ಅಂತ ದೊಡ್ಡ ಸಾಲ ಮಾಡಿ ಇಲ್ಲಿ ಮನೆ ತಗೊಂಡೆವು. ಈಗ ಹಿಂದಿನ ಹೊಲದಲ್ಲಿ 300 ಅಪಾರ್ಟ್‌ಮೆಂಟ್ ಬರುತ್ತಂತೆ, ಅದರಲ್ಲಿ 60 ಅಫೋರ್ಡಬಲ್, ಅಂದರೆ ಕಡಿಮೆ ಆದಾಯದವರ ಕೈಗೆಟಕುವ ದರದವು. ಬೇಡ ಅನ್ನುವ ಅರ್ಜಿಗೆ ಸಹಿ ಕೇಳಿಕೊಂಡು ಪಕ್ಕದ ಮನೆಯವರು ಬಂದಿದ್ದರು. ಏನು ಮಾಡಬೇಕೋ ತೋಚುತ್ತಿಲ್ಲ. ಅಲ್ಲಿಗೆ ಯಾರು ಬರುತ್ತಾರೆ? ನಮ್ಮ ಮನೆ ಬೆಲೆ ಇಳಿಯುತ್ತಾ?

ಉತ್ತರ: ಇಲ್ಲಿನ ಊರುಗಳಿಗೆ ಹೌಸಿಂಗ್ ಪ್ಲ್ಯಾನ್ ಬರೆಯುವುದೇ ನನ್ನ ಕೆಲಸ. ಈ ಪ್ರಶ್ನೆ ಪ್ರತಿ ಮೀಟಿಂಗ್‌ನಲ್ಲೂ ಬರುತ್ತದೆ. ಕೇಳಿದ್ದು ಒಳ್ಳೆಯದಾಯಿತು.

ಮೊದಲು ಯಾರು ಬರುತ್ತಾರೆ ಅನ್ನುವುದನ್ನು ನೋಡೋಣ. ನ್ಯೂಜೆರ್ಸಿಯ ಅಫೋರ್ಡಬಲ್ ಮನೆಗಳ ಕಾನೂನಿನಲ್ಲಿ ಆದಾಯ ಅಳೆಯುವುದು ನಿಮ್ಮ ಊರಿನ ಮಟ್ಟದಿಂದಲ್ಲ, ಇಡೀ ಪ್ರದೇಶದ ಮಟ್ಟದಿಂದ. ರಾಜ್ಯವನ್ನು 6 ಹೌಸಿಂಗ್ ಪ್ರದೇಶಗಳಾಗಿ ಮಾಡಿದ್ದಾರೆ. ಮಿಡಲ್‌ಸೆಕ್ಸ್, ಸಾಮರ್‌ಸೆಟ್, ಹಂಟರ್ಡನ್ ಕೌಂಟಿಗಳು ಒಂದೇ ಪ್ರದೇಶ. ಅಲ್ಲಿನ ಎಲ್ಲ ಕುಟುಂಬಗಳನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಕುಟುಂಬದ ಆದಾಯವೇ ಮೀಡಿಯನ್. ಅದರ ಶೇ. 50ರಿಂದ 80ರ ಒಳಗಿದ್ದರೆ ‘ಮಾಡರೇಟ್’. ಶೇ. 50ಕ್ಕಿಂತ ಕಡಿಮೆ ಇದ್ದರೆ ‘ಲೋ’, ಶೇ. 30ಕ್ಕಿಂತ ಕಡಿಮೆ ಇದ್ದರೆ ‘ವೆರಿ ಲೋ’. ಮನೆಯಲ್ಲಿ ಎಷ್ಟು ಜನ ಅನ್ನುವುದರ ಮೇಲೆ ಈ ಮಿತಿ ಬದಲಾಗುತ್ತದೆ.

ಅಂದರೆ ಅಲ್ಲಿ ಬರುವವರು ಎಲ್ಲೋ ದೂರದವರಲ್ಲ. ನಿಮ್ಮ ಮಗುವಿನ ಕ್ಲಾಸ್‌ನ ಸಹಾಯಕಿ, ಫಾರ್ಮಸಿಯಲ್ಲಿ ಮಾತ್ರೆ ಎಣಿಸಿ ಕೊಡುವವರು, ಆಂಬುಲೆನ್ಸ್ ಓಡಿಸುವವರು. ಇವರೆಲ್ಲ ನಿಮ್ಮ ಊರಿನಲ್ಲೇ ದುಡಿಯುತ್ತಾರೆ, ರಾತ್ರಿ ಮಲಗುವುದಕ್ಕೆ ಮಾತ್ರ 40 ಮೈಲಿ ಆಚೆ ಹೋಗುತ್ತಾರೆ. ನಾನು ಬೆಳೆದದ್ದು ಮೈಸೂರಿನ ಒಂದು ವಠಾರದಲ್ಲಿ. ಬ್ಯಾಂಕಿನವರು, ಮೇಷ್ಟ್ರು, ದರ್ಜಿ ಎಲ್ಲರಿಗೂ ಒಂದೇ ನಲ್ಲಿ, ಒಂದೇ ಅಂಗಳ. ಯಾರಿಗೂ ಅದು ವಿಶೇಷ ಅನ್ನಿಸಿರಲಿಲ್ಲ. ಇಲ್ಲಿ ಝೋನಿಂಗ್, ಅಂದರೆ ಎಲ್ಲಿ ಏನು ಕಟ್ಟಬಹುದು ಅನ್ನುವ ಊರಿನ ನಿಯಮ, ಬರೆಯುವಾಗಲೇ ‘ಅರ್ಧ ಎಕರೆಗೆ ಒಂದೇ ಮನೆ’ ಅಂದುಬಿಟ್ಟರೆ ಮೇಷ್ಟ್ರೂ ದರ್ಜಿಯೂ ಊರಿನಿಂದ ಆಚೆ ಹೋದಂತೆಯೇ, ಅಲ್ವಾ?

ಇನ್ನು ಬೆಲೆಯ ಮಾತು. ಇದೇ ರಾಜ್ಯದ ಮೌಂಟ್ ಲಾರೆಲ್‌ನಲ್ಲಿ ಎಥೆಲ್ ಲಾರೆನ್ಸ್ ಹೋಮ್ಸ್ ಅಂತ 140 ಅಫೋರ್ಡಬಲ್ ಮನೆಗಳಿವೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಡಗ್ಲಸ್ ಮ್ಯಾಸಿ ಮತ್ತು ಅವರ ತಂಡ ಆ ಊರನ್ನೂ ಅಂಥದೇ ಅಕ್ಕಪಕ್ಕದ ಊರುಗಳನ್ನೂ ಹೋಲಿಸಿ ನೋಡಿತು. ಅಪರಾಧ, ತೆರಿಗೆ, ಮನೆ ಬೆಲೆ ಯಾವುದರಲ್ಲೂ ಆ ಮನೆಗಳಿಂದ ಕೆಟ್ಟ ಪರಿಣಾಮ ಕಾಣಲಿಲ್ಲ. 2013ರಲ್ಲಿ ಇದು ಪ್ರಕಟವಾಯಿತು. ನಿಮ್ಮ ಊರಿನಲ್ಲೂ ಹಾಗೇ ಆಗುತ್ತದೆ ಅಂತ ನಾನು ಪ್ರಮಾಣ ಮಾಡಲಾರೆ. ಆದರೆ ‘ಬೆಲೆ ಬಿದ್ದೇ ಬೀಳುತ್ತೆ’ ಅನ್ನುವವರ ಹತ್ತಿರ ಇಷ್ಟು ಸರಿಯಾಗಿ ಅಳೆದು ನೋಡಿದ ಲೆಕ್ಕ ನಾನು ಕಂಡಿಲ್ಲ.

ಪ್ರಶ್ನೆ (ಇನ್ನೊಬ್ಬರು): ಕಷ್ಟಪಟ್ಟು ದುಡಿದು ಇಲ್ಲಿಗೆ ಬಂದವರು ನಾವು. ನಮ್ಮ ಊರು ಹೇಗಿರಬೇಕು ಅಂತ ಕೋರ್ಟ್ ಯಾಕೆ ಹೇಳಬೇಕು? ಬೇಕಾದರೆ ದುಡ್ಡು ಕೊಡೋಣ, ಟ್ರೆಂಟನ್‌ನಲ್ಲೋ ನ್ಯೂಅರ್ಕ್‌ನಲ್ಲೋ ಕಟ್ಟಲಿ.

ಉತ್ತರ: ನಿಮ್ಮ ದುಡಿಮೆ ಸುಳ್ಳಲ್ಲ. ಆದರೆ ಈ ಕಾನೂನು ಎಲ್ಲಿಂದ ಬಂತು ಅನ್ನುವುದನ್ನು ಸ್ವಲ್ಪ ಕೇಳಿ. ಇದು ನನಗೆ ತುಂಬಾ ಮುಖ್ಯವಾದ ಕಥೆ.

ಮೌಂಟ್ ಲಾರೆಲ್‌ನಲ್ಲಿ ತಲೆಮಾರುಗಳಿಂದ ಕಪ್ಪು ಜನರ ಕುಟುಂಬಗಳಿದ್ದವು. ಕೆಲವರು ಕೋಳಿ ಗೂಡುಗಳನ್ನೇ ಮನೆ ಮಾಡಿಕೊಂಡು ಇದ್ದರು. ಊರು ಸಬರ್ಬ್ ಆಗಿ ಬೆಳೆಯತೊಡಗಿತು. ಅವರು 36 ಅಪಾರ್ಟ್‌ಮೆಂಟ್ ಕಟ್ಟಲು ಅನುಮತಿ ಕೇಳಿದರು. ಸಿಗಲಿಲ್ಲ. ಇಲ್ಲಿ ಇರಲು ನಿಮಗೆ ಕೈಲಾಗದಿದ್ದರೆ ಹೊರಟು ಹೋಗಬೇಕಾಗುತ್ತದೆ ಅನ್ನುವ ಅರ್ಥದ ಮಾತನ್ನು ಅಲ್ಲಿನ ಮೇಯರ್ 1970ರಲ್ಲಿ ಅವರ ಚರ್ಚ್‌ನಲ್ಲೇ ನಿಂತು ಹೇಳಿದರು. ಎಥೆಲ್ ಲಾರೆನ್ಸ್ ಅನ್ನುವ ಶಿಕ್ಷಕಿ ಮತ್ತು ಕೆಲವರು ಕೋರ್ಟಿಗೆ ಹೋದರು. 1975ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಝೋನಿಂಗ್ ಬಳಸಿ ಕಡಿಮೆ ಆದಾಯದವರನ್ನು ಹೊರಗಿಡುವಂತಿಲ್ಲ, ಪ್ರದೇಶದ ಅಗತ್ಯದಲ್ಲಿ ಪ್ರತಿ ಊರೂ ತನ್ನ ಪಾಲು ಹೊರಬೇಕು ಅಂದಿತು. ಊರುಗಳು ಸುಮ್ನೆ ಕೂತವು. 1983ರಲ್ಲಿ ಕೋರ್ಟ್ ಇನ್ನೂ ಗಟ್ಟಿಯಾಗಿ ಹೇಳಬೇಕಾಯಿತು. ಲಾರೆನ್ಸ್ 1994ರಲ್ಲಿ ತೀರಿಕೊಂಡರು. ಅವರ ಹೆಸರಿನ ಮನೆಗಳಿಗೆ ಜನ ಬಂದದ್ದು ಅದಾದ ಆರು ವರ್ಷದ ಮೇಲೆ. ಅವರು ನೋಡಲೇ ಇಲ್ಲ.

ದುಡ್ಡು ಕೊಟ್ಟು ಬೇರೆ ಕಡೆ ಕಟ್ಟಿಸುವ ದಾರಿಯೂ ಇತ್ತು. 1985ರ ಕಾನೂನಿನ ಪ್ರಕಾರ ಊರುಗಳು ತಮ್ಮ ಪಾಲಿನ ಅರ್ಧದವರೆಗೆ ಹಣ ಕೊಟ್ಟು ಬೇರೆ ಊರಿಗೆ ದಾಟಿಸಬಹುದಿತ್ತು. ಆಗಿದ್ದೇನು? ಶ್ರೀಮಂತ ಊರು ಶ್ರೀಮಂತವಾಗಿಯೇ ಉಳಿಯಿತು, ಬಡತನ ಹಳೆ ನಗರಗಳಲ್ಲೇ ಗುಡ್ಡೆ ಬಿತ್ತು. 2008ರಲ್ಲಿ ಅದನ್ನು ರದ್ದು ಮಾಡಿದರು. ಸರಿಯಾಗಿಯೇ ಮಾಡಿದರು ಅನ್ನುವುದು ನನ್ನ ಅಭಿಪ್ರಾಯ. ಸ್ಕೂಲ್ ಚೆನ್ನಾಗಿದೆ ಅಂತ ನೀವು ಇಲ್ಲಿಗೆ ಬಂದಿರಿ. ಆ ಅಫೋರ್ಡಬಲ್ ಮನೆಗಳಿಗೆ ಬರುವವರ ಮಕ್ಕಳಿಗೂ ಅದೇ ಸ್ಕೂಲ್ ಬೇಕು.

ಈಗಿನ ಲೆಕ್ಕ 2024ರ ಮಾರ್ಚ್‌ನಲ್ಲಿ ಬಂದ ಹೊಸ ಕಾನೂನಿನದು, 2025ರಿಂದ 2035ರವರೆಗೆ. ಇಡೀ ರಾಜ್ಯಕ್ಕೆ 84,698 ಹೊಸ ಅಫೋರ್ಡಬಲ್ ಮನೆ ಬೇಕು ಅಂತ ಸರ್ಕಾರ ಅಂದಾಜು ಮಾಡಿದೆ. ಊರುಗಳಿಗೆ ಪಾಲು ಹಂಚುವಾಗ ಮೂರು ವಿಷಯ ನೋಡುತ್ತಾರೆ: ಆಫೀಸ್, ಅಂಗಡಿ, ಗೋದಾಮು ಎಷ್ಟು ಬೆಳೆದಿವೆ, ಖಾಲಿ ಜಾಗ ಎಷ್ಟಿದೆ, ಊರಿನ ಆದಾಯ ಎಷ್ಟು. ಗೋದಾಮಿನ ತೆರಿಗೆ ಊರಿಗೆ ಬೇಕು, ಅಲ್ಲಿ ಡಬ್ಬ ಎತ್ತುವವರ ಮನೆ ಮಾತ್ರ ಬೇಡ ಅಂದರೆ ಆಗಲ್ಲ.

ಪ್ರಶ್ನೆ (ಮೊದಲಿನವರು): ಸರಿ. ಹಾಗಾದರೆ ಆ ಅಫೋರ್ಡಬಲ್ ಮನೆಗಳನ್ನು 55 ವರ್ಷ ದಾಟಿದವರಿಗೇ ಮಾಡಿದರೆ? ಸ್ಕೂಲ್ ತುಂಬಲ್ಲ.

ಉತ್ತರ: ಎಲ್ಲ ಊರಿಗೂ ಬರುವ ಯೋಚನೆ ಇದು. ಅದಕ್ಕೇ ಮಿತಿ ಇದೆ. ಊರಿನ ಪಾಲಿನ ಅಫೋರ್ಡಬಲ್ ಮನೆಗಳಲ್ಲಿ ಹಿರಿಯರಿಗೆ ಅಂತ ಮೀಸಲಿಟ್ಟವು ಶೇ. 30 ದಾಟುವಂತಿಲ್ಲ. ಕುಟುಂಬಗಳಿಗೂ ಮನೆ ಸಿಗಬೇಕು.

ಸ್ಕೂಲ್, ಟ್ರಾಫಿಕ್, ಮಳೆ ನೀರು ಹರಿಯುವ ದಾರಿ, ಇವು ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಮಕ್ಕಳು ಬರುವುದು 300 ಮನೆಯಿಂದಲೂ, ಬರೀ ಆ 60ರಿಂದಲ್ಲ. ಜಾಗದಿಂದ 200 ಅಡಿ ಒಳಗಿನ ಮನೆ ಮಾಲೀಕರಿಗೆ ವಿಚಾರಣೆಗೆ ಮೊದಲೇ ನೋಟಿಸ್ ಬರುತ್ತದೆ. ಪ್ಲ್ಯಾನಿಂಗ್ ಬೋರ್ಡ್ ಮುಂದೆ ಹೋಗಿ ಬಿಲ್ಡರ್‌ನ ಎಂಜಿನಿಯರ್‌ಗೇ ಕೇಳಿ. ಸಿಗ್ನಲ್ ಬರಲಿ, ನೀರಿನ ಹೊಂಡ ದೊಡ್ಡದಾಗಲಿ. ಇಂಥ ಮಾತಿನಿಂದ ನಕ್ಷೆ ಬದಲಾಗಿದ್ದನ್ನು ನಾನೇ ಕಂಡಿದ್ದೇನೆ. ‘ಬೇಡ’ ಅನ್ನುವ ಅರ್ಜಿಗೆ ನಾನಾಗಿದ್ದರೆ ಸಹಿ ಹಾಕುವುದಿಲ್ಲ. ಊರು ತನ್ನ ಪಾಲಿನ ಪ್ಲ್ಯಾನ್ ಮಾಡದೆ ಹೋದರೆ ಬಿಲ್ಡರ್ ನೇರವಾಗಿ ಕೋರ್ಟಿಗೆ ಹೋಗಬಹುದು. ಆಗ ಎಲ್ಲಿ, ಎಷ್ಟು ಅನ್ನುವುದು ನಿಮ್ಮ ಕೈಲಿ ಉಳಿಯುವುದಿಲ್ಲ.

ಪ್ರಶ್ನೆ (ಹೆಸರು ಬೇಡ ಅಂದವರು): ನಾನು ಡೇಕೇರ್ ಟೀಚರ್. ಇಬ್ಬರು ಮಕ್ಕಳು, ಸಂಬಳ ನನ್ನದೊಂದೇ, ವರ್ಷಕ್ಕೆ 62,000. ಅರ್ಜಿ ಹಾಕಬಹುದಾ? ನಮ್ಮವರಿಗೆ ಗೊತ್ತಾದರೆ ಏನಂದುಕೊಳ್ಳುತ್ತಾರೋ ಅಂತ ಹಿಂಜರಿಕೆ.

ಉತ್ತರ: ದಯವಿಟ್ಟು ಹಾಕಿ. ಇದು ಭಿಕ್ಷೆಯಲ್ಲ. ಬಾಡಿಗೆ ನೀವೇ ಕಟ್ಟುತ್ತೀರಿ.

ಲೆಕ್ಕ ತಿಳಿಯಲಿ ಅಂತ, ಮೂರು ಜನರ ಮನೆಗೆ ಮೀಡಿಯನ್ 1,20,000 ಅಂತಿಟ್ಟುಕೊಳ್ಳೋಣ. ಆಗ ಮಾಡರೇಟ್ ಮಿತಿ 60,000ದಿಂದ 96,000. ನೀವು ಅದರೊಳಗೆ ಬರುತ್ತೀರಿ. ಈಗಿನ ನಿಜವಾದ ಮಿತಿಯನ್ನು ಅರ್ಜಿಯ ಜೊತೆಗೇ ಕೊಡುತ್ತಾರೆ. ಆದಾಯದ ಶೇ. 30 ಮನೆಗೆ ಅಂದರೆ ನಿಮಗೆ ತಿಂಗಳಿಗೆ 1,550 ಡಾಲರ್. ಆದಾಯ ಅಂದರೆ ಕೈಗೆ ಬರುವುದಲ್ಲ, ತೆರಿಗೆ ಮುರಿಯುವ ಮೊದಲಿನದು. ಮನೆಯಲ್ಲಿ ದುಡಿಯುವ ದೊಡ್ಡವರು ಬೇರೆ ಇದ್ದರೆ ಅವರದೂ ಸೇರುತ್ತದೆ.

ಆಯ್ಕೆ ಲಾಟರಿಯಲ್ಲಿ, ಶಿಫಾರಸು ನಡೆಯಲ್ಲ. ಅದೇ ಊರಿನವರೇ ಆಗಿರಬೇಕು ಅಂತೇನಿಲ್ಲ. ಪ್ರದೇಶದಲ್ಲಿ ವಾಸವೋ ಕೆಲಸವೋ ಇದ್ದವರಿಗೆ ಆದ್ಯತೆ ಇರಬಹುದು. ಹಾಗಾಗಿ ಒಂದೇ ಊರು ನಂಬಿ ಕೂರಬೇಡಿ, ಮೂರೂ ಕೌಂಟಿಗಳಲ್ಲಿ ಹಾಕಿ. ರಾಜ್ಯದ ಹೌಸಿಂಗ್ ರಿಸೋರ್ಸ್ ಸೆಂಟರ್ ವೆಬ್‌ಸೈಟ್‌ನಲ್ಲಿ ಮನೆಗಳ ಪಟ್ಟಿ ಸಿಗುತ್ತದೆ. ಟ್ಯಾಕ್ಸ್ ರಿಟರ್ನ್, ಪೇ ಸ್ಟಬ್ (ಸಂಬಳದ ಚೀಟಿ), ಬ್ಯಾಂಕ್ ಸ್ಟೇಟ್‌ಮೆಂಟ್ ಈಗಲೇ ಒಂದು ಫೈಲ್‌ನಲ್ಲಿ ಜೋಡಿಸಿಡಿ. ಲಾಟರಿಯಲ್ಲಿ ಹೆಸರು ಬಂದ ಮೇಲೆ ಕಾಗದ ಹುಡುಕುತ್ತಾ ಗಡುವು ತಪ್ಪಿಸಿಕೊಂಡವರು ಇದ್ದಾರೆ. ಅರ್ಜಿ ತುಂಬುವಾಗ ತೊಡಕಾದರೆ ನನಗೆ ನೇರವಾಗಿ ಮೆಸೇಜ್ ಮಾಡಿ, ಪೇ ಸ್ಟಬ್‌ನ ಫೋಟೊ ಮಾತ್ರ ಎಲ್ಲರೂ ನೋಡುವ ಗುಂಪಿಗೆ ಹಾಕಬೇಡಿ.